ಬೊಂಬೆಯ ಹೊಟ್ಟೆಗೆ ತುರುಕಿದ ಕಾಗದ

ನವೆಂಬರ್ 5, ಶೆಫೀಲ್ಡ್

ಮೂರು ಸಲ ತೊಳೆದರೂ ಕೈಯಿಂದ ಹೊಗೆಯ ವಾಸನೆ ಹೋಗುತ್ತಿಲ್ಲ.

ಪ್ರತಿ ವರ್ಷ ಈ ರಾತ್ರಿ ನಮ್ಮ ಬೀದಿಯಲ್ಲಿ ಸುಡುವ ಗೈ ಫಾಕ್ಸ್ ಬೊಂಬೆಗೆ ಈ ಸಲ ಕ್ರಾಸ್‌ಲೀಯ ಮುಖ ಬರೆಯೋಣ ಎಂದವನು ನಾನೇ. ಬೂಷ್ಟು ಹಿಡಿದ ಈ ಮನೆಗಳ ಮಾಲೀಕ ಅವನು. ಖಾಲಿ ಮಾಡಿ ಎಂದು ಅವನು ಕಳಿಸಿದ ನೋಟೀಸುಗಳನ್ನೇ ಬೊಂಬೆಯ ಹೊಟ್ಟೆಗೆ ತುರುಕೋಣ ಎಂದವನೂ ನಾನೇ. ಮನೆಮನೆಗೆ ಹೋಗಿ ತಂದೆ. ಪಕ್ಕದ ಮನೆಯ ಮುದುಕಿ ಡೋರೀನ್ ಒಳಗೆ ಕೇಕು ಬೇಯಿಸುತ್ತಿದ್ದಳು. ಗಡಿಯಾರದ ಹಿಂದಿದ್ದ ಅವಳ ನೋಟೀಸನ್ನು ಲಕೋಟೆ ಸಮೇತ ಎತ್ತಿಕೊಂಡೆ. ಕೇಳಲಿಲ್ಲ. ಹೋರಾಟ ಎಲ್ಲರದು, ಕೇಳುವುದೇನು?

ಬೊಂಬೆ ಧಗಧಗ ಉರಿಯಿತು. ಬಾಣಬಿರುಸು ಮೇಲೇರಿತು. ಡೋರೀನ್ ಶುಂಠಿ ಕೇಕು ಕೊಡುತ್ತ ನಕ್ಕಳು.

“ಈ ಕ್ರಾಸ್‌ಲೀಯಿಂದ ನಮಗೆ ಬಿಸಿ ಸಿಕ್ಕಿದ್ದು ಇದೇ ಮೊದಲು ಕಣೋ ಕ್ಲೈವ್. ನಾಳೆ ಕೋರ್ಟಿಗೆ ನೀನೂ ಬಾ. ಲಕೋಟೆ ಮೇಲಿನ ಅಂಚೆ ಮುದ್ರೆ ತೋರಿಸಿದ್ರೆ ಸಾಕಂತೆ, ತಡವಾಗಿ ಕಳಿಸಿದಾನೆ ಅಂತ ನೋಟೀಸೇ ಬಿದ್ದುಹೋಗುತ್ತಂತೆ. ಜೋಪಾನವಾಗಿ ಗಡಿಯಾರದ ಹಿಂದೆ ಇಟ್ಟಿದೀನಿ.”

ಇಪ್ಪತ್ತು ವರ್ಷ ಬಾಡಿಗೆದಾರರ ಪರ ಮೈಕಿನ ಮುಂದೆ ಕೂಗಿದ ಬಾಯಿಗೆ ಕೇಕು ತುರುಕಿಕೊಂಡೆ.

ಗೋಡೆಯಾಚೆ ಅವಳು ಏನೋ ಗುನುಗುತ್ತಿದ್ದಾಳೆ. ಇನ್ನೂ ಗಡಿಯಾರ ಸರಿಸಿಲ್ಲ. ಅವಳು ನೋಡುವ ಮೊದಲು ನಾನೇ ಹೋಗಿ ಹೇಳಬೇಕು. ಬೂಟು ಹಾಕಿಕೊಂಡು ಅರ್ಧ ಗಂಟೆಯಾಯಿತು, ಇನ್ನೂ ಕುರ್ಚಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.