ಹಳದಿ ತಂತಿ, ಹನ್ನೆರಡು ವೋಲ್ಟ್

ಮಾರ್ಚ್ 3, ಬೆಳಿಗ್ಗೆ 8

ಗುಜರಿಯಿಂದ ತಂದ ಹಳೇ ಕಂಪ್ಯೂಟರ್ ಪವರ್ ಸಪ್ಲೈ — ಐದನೇದು ಬಿಚ್ಚಿದೆ. ನಾಲ್ಕರಲ್ಲಿ ಕೆಪಾಸಿಟರ್ ಊದಿತ್ತು. ಇದೊಂದು ಪರವಾಗಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳ ಫೋನ್. ಅಕ್ಕನ ಗಂಟಲಿನ ಕೊಳವೆಯಿಂದ ಕಫ ಎಳೆಯೋ ಮಷೀನ್ ನಿಂತಿದೆ. ಅಡಾಪ್ಟರ್ ಸುಟ್ಟಿದೆ. ಹೊಸದು ಬರೋಕೆ ಮೂರು ದಿನ. ಅಲ್ಲಿವರೆಗೆ ಕಾಲಲ್ಲಿ ತುಳಿಯೋ ಪಂಪೇ ಗತಿ. ಗಂಟೆಗೊಮ್ಮೆ.

"ಹನ್ನೆರಡು ವೋಲ್ಟ್ ತಾನೆ? ನಾನು ಮಾಡಿಕೊಡ್ತೀನಿ."

"ಬೇಡ ಮಾಮ. ನಿಮ್ಮ ಚಾರ್ಜರ್ ನಮ್ಮನೆ ಪರದೆ ಸುಟ್ಟಿದ್ದು ಸಾಕು."

ಫ್ಯೂಸ್ ಹಾಕದೆ ಕೊಟ್ಟಿದ್ದೆ. ತಪ್ಪು ನನ್ನದೇ.

ಮಾರ್ಚ್ 4, ಮಧ್ಯಾಹ್ನ 2

ಅಕ್ಕನ ಹತ್ತಿರ ಪಕ್ಕದ ಮನೆಯವರನ್ನ ಕೂರಿಸಿ ಅವಳ ಮಗಳೇ ಬಂದಳು. ನಿದ್ದೆಗೆಟ್ಟ ಕಣ್ಣು, ಪಂಪ್ ತುಳಿದು ತುಳಿದು ಕುಂಟು ನಡಿಗೆ. "ಪಂಪಿನ ವಾಷರ್ ಹರಿದಿದೆ ಮಾಮ... ಸರಿಯಾಗಿ ಎಳೀತಿಲ್ಲ. ಆಂಬುಲೆನ್ಸ್ ಬರೋಕೆ ಎರಡು ಗಂಟೆ ಅಂತೆ. ನಿಮಗೆಷ್ಟು ಹೊತ್ತು ಬೇಕು?"

"ಒಂದು ಗಂಟೆ."

"ಅರ್ಧ ಗಂಟೇಲಿ ಮಾಡಿ."

ಹಸಿರು ತಂತಿ ಕಪ್ಪಿಗೆ ಸೇರಿಸಿದೆ — ಸಪ್ಲೈ ಡಬ್ಬದೊಳಗಿನ ಫ್ಯಾನ್ ತಿರುಗಿತು. ಹಳದಿ ತಂತಿಗೆ ಮೀಟರ್: 11.2. ಸಾಲದು. ಐದು ವೋಲ್ಟಿನ ಕೆಂಪು ತಂತಿಗೆ ಒಂದಿಷ್ಟು ಹೊರೆ ಬಿದ್ರೆ ಹಳದಿ ಏರುತ್ತೆ ಅಂತ ಅದಕ್ಕೆ ಹಳೇ ಹೆಡ್‌ಲೈಟ್ ಬಲ್ಬ್ ಕಟ್ಟಿದೆ. 11.9. ಫ್ಯೂಸ್ ಹಾಕಿದೆ. ಹಾಕಿದ್ದನ್ನ ಅವಳಿಗೆ ಮುಟ್ಟಿಸಿ ತೋರಿಸಿದೆ.

ಅದೇ ದಿನ, ಸಂಜೆ 5

ಡಬ್ಬ ಹೊತ್ಕೊಂಡು ಅಕ್ಕನ ಮನೆಗೆ ಓಡಿ ಮಷೀನಿಗೆ ಜೋಡಿಸಿದೆ.

ಮಷೀನ್ ಗುರ್ ಅಂದು ನಿಂತುಹೋಯ್ತು. ಅಕ್ಕನ ತುಟಿ ನೀಲಿ. ಎದೆಯಲ್ಲಿ ಗೊರಗೊರ. ಅಕ್ಕ ನನ್ನ ತೋಳು ಹಿಡಿದುಕೊಂಡಳು — ಉಗುರು ನಾಟೋ ಹಾಗೆ.

"ಮಾಮ, ಏನಾದ್ರೂ ಮಾಡಿ!"

ಒಂದೇ ತಂತಿಗೆ ಅಷ್ಟು ಕರೆಂಟ್ ತಡೆಯೋಕಾಗ್ತಿಲ್ಲ ಅಂತ ಹೊಳೀತು. ಪ್ಲಗ್ ಕಿತ್ತೆ. ಉಳಿದ ನಾಲ್ಕು ಹಳದಿ ತಂತಿ ಹಲ್ಲಲ್ಲೇ ಸುಲಿದೆ. ಒಟ್ಟಿಗೆ ಹೊಸೆದೆ. ಟೇಪ್. ಸ್ವಿಚ್.

ಎಳೀತು. ಗಟ್ಟಿ ಕಫ, ಬಾಟಲಿಗೆ. ಇನ್ನೊಂದು ಸಲ. ಅಕ್ಕನ ಹಿಡಿತ ಮೆಲ್ಲಗೆ ಸಡಿಲವಾಯ್ತು. ಆಂಬುಲೆನ್ಸಿನವರು ಬಂದು ನೋಡಿ, ಉಸಿರು ಸರಿ ಇದೆ ಅಂದ್ರು.



ಮಾರ್ಚ್ 6, ಬೆಳಿಗ್ಗೆ 10

ಎರಡು ದಿನ ಇಲ್ಲೇ, ಡಬ್ಬದ ಪಕ್ಕ ಕುರ್ಚಿ ಹಾಕ್ಕೊಂಡು. ಮುಟ್ಟಿ ಮುಟ್ಟಿ ನೋಡ್ತಿದ್ದೆ — ಬಿಸಿಯಾಗಿದೆಯಾ ಅಂತ.

ಹೊಸ ಅಡಾಪ್ಟರ್ ಬಂತು. ಬದಲಾಯಿಸಿದೆ. ನನ್ನದನ್ನ ಚೀಲಕ್ಕೆ ಹಾಕೋಕೆ ಹೋದ್ರೆ ಅಕ್ಕನ ಮಗಳು ತಡೆದಳು. "ಇರಲಿ ಮಾಮ. ಇಲ್ಲೇ ಇರಲಿ." ಮುಖ ನೋಡದೆ ಹೇಳಿದಳು.

ಸರಿ, ಇನ್ನೊಂದು ಗಂಟೆ ಓಡಿಸಿ ನೋಡೋಣ ಅಂತ ಬಲ್ಬ್ ಹಚ್ಚಿಟ್ಟು ಬರೀತಾ ಕೂತಿದೀನಿ. ಯಾರೋ ಒಡಕು ದನಿಯಲ್ಲಿ ಕರೆದ ಹಾಗಾಯ್ತು. ಅಕ್ಕ! ಕೊಳವೆ ಬಾಯಿಗೆ ಬೆರಳು ಒತ್ತಿಕೊಂಡು. ಕೊಳವೆ ಹಾಕಿಸಿ ಎರಡು ತಿಂಗಳಾದ ಮೇಲೆ ಮೊದಲ ಮಾತು.

"ಲೋ... ಆ ಫ್ಯಾನ್... ಆಫ್ ಮಾಡೋ. ಕಿವಿ ಹೋಯ್ತು."

ಮಾಡ್ತೀನಿ ಅಕ್ಕ, ಮಾಡ್ತೀನಿ. ಇದೊಂದು ಸಾಲು ಬರೆದು —