ಮಾರಿಫೆ ಗಿಮಾರಸ್‌ನಲ್ಲೇ ಉಳಿದದ್ದು

ಪ್ರೀತಿಯ ಎಲ್ಮೆರ್,

ಫೋನಿನಲ್ಲಾದರೆ ನೀನು ನನ್ನನ್ನು ಒಪ್ಪಿಸಿಬಿಡುತ್ತೀಯ, ಅದಕ್ಕೇ ಈ ಪತ್ರ.

ನಿನ್ನನ್ನು ಸೇರಲು ಟೊರಾಂಟೊಗೆಂದು ಹೊರಟ ದಿನ ನಮ್ಮ ಗಿಮಾರಸ್ ದ್ವೀಪದ ದೋಣಿಯಲ್ಲೇ ಒಬ್ಬಾಕೆಗೆ ಹೆರಿಗೆ ನೋವು ಬಂತು. ನಾನೇ ಹೆರಿಗೆ ಮಾಡಿಸಿದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ನನ್ನ ವಿಮಾನ ತಪ್ಪಿತು.

"ಇನ್ನೊಂದು ಟಿಕೆಟ್ ತಗೊಂಡು ಹೊರಡೇ, ಹುಚ್ಚಿ! ಅವನು ಎಷ್ಟೂಂತ ಕಾಯ್ತಾನೆ?" ಅಂದಳು ಅಮ್ಮ.

ವಿಮಾನ ತಪ್ಪಿದ್ದಕ್ಕೆ ನನಗೆ ಅಳು ಬರಲಿಲ್ಲ, ನಿನ್ನನ್ನು ನೆನೆದಾಗ ಬಂತು. ನನಗೆ ಬೇಕಾದದ್ದು ನೀನು, ಆ ಊರಲ್ಲ. ಈ ದಂಡೆಗೆಲ್ಲ ಸೂಲಗಿತ್ತಿ ನಾನೊಬ್ಬಳೇ. ನಾನು ಬರುವುದಿಲ್ಲ.

ನೀನು ಕಳಿಸಿದ ಉಣ್ಣೆ ಕೋಟನ್ನು ತಿರುಗಿ ಕಳಿಸಿದ್ದೇನೆ. ಬರುವುದಾದರೆ ಮಾವಿನ ಕಾಲಕ್ಕೆ ಬಾ. ದೋಣಿ ಎಂಜಿನ್ ರಿಪೇರಿಗೆ ಇಲ್ಲಿ ನಿನ್ನಂಥ ಕೆಲಸ ಬಲ್ಲ ಜನ ಬೇಕು. ಬರದಿದ್ದರೆ ನಿನ್ನ ತಾಯಿಗೆ ನೀನೇ ಹೇಳು. ಚರ್ಚಿನಲ್ಲಿ ಅವರಿನ್ನೂ ನನ್ನನ್ನು ಸೊಸೆಯೆಂದೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ನಿನ್ನ
ಮಾರಿಫೆ