ಒಣಮೀನಿನ ಕರಾರಿನಲ್ಲಿ ಲವಂಗ

ಗಂಗೊಳ್ಳಿ ಬಂದರು
ಮೂರನೇ ಕಡಲೇರಿನ ನಲವತ್ತೊಂದನೇ ವರ್ಷ, ಜ್ಯೇಷ್ಠ ಮಾಸದ ನಲವತ್ಮೂರನೇ ದಿನ

ಕುಂದಾಪುರದ ವಕೀಲರಾದ ಸುಧೀಂದ್ರ ಉಡುಪರಿಗೆ ಜಲಜಾಕ್ಷಿ ಖಾರ್ವಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ತಿಂಗಳು ಮುಗಿಯಿತೆಂದು ಎಲ್ಲ ದೇಶಗಳೂ ಸಹಿ ಹಾಕಿದ ಮೇಲೆಯೇ ನಮ್ಮಲ್ಲಿ ಮುಂದಿನ ತಿಂಗಳು ಶುರುವಾಗುವುದು. ಈ ಸಲ ಎರಡು ದೇಶಗಳು ಇನ್ನೂ ಸಹಿ ಮಾಡಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮಗೂ ನನಗೂ ನಡುವೆ ಏಳು ತಲೆಮಾರುಗಳಿವೆ. ನಮ್ಮ ಅಂಚೆ ಕಚೇರಿಯಲ್ಲಿ ಹಿಂದಂಚೆ ಎಂಬ ಕಿಟಕಿಯೊಂದಿದೆ. ಕಳೆದ ಕಾಲಕ್ಕೆ ಬರೆದ ಕಾಗದಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ.

ನಾನು ಇಲ್ಲಿ ಗಡಿಪಾಠಕಿ. ಅಂದರೆ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಕುಳಿತು, ಬಂದವರಿಗೆ ದೇಶದೇಶಗಳ ಒಪ್ಪಂದಗಳನ್ನು ಓದಿ ಅರ್ಥ ಹೇಳುವವಳು. ಬಲೆಗೆ ಬಿದ್ದ ಬಂಗುಡೆ ಯಾವ ದೇಶದ ನೀರಿನಲ್ಲಿ ಮರಿಯಾಗಿತ್ತೆಂದು ತಿಳಿಸುವ ಹುಟ್ಟುಪತ್ರವಿಲ್ಲದೆ ಅದನ್ನು ಮಾರುವಂತಿಲ್ಲ. ಹೆಂಗಸರು ಬುಟ್ಟಿ ಇಳಿಸಿ ನನ್ನ ಮುಂದೆ ಸಾಲುಗಟ್ಟುತ್ತಾರೆ, ಪತ್ರ ತುಂಬುವಷ್ಟರಲ್ಲಿ ಮೀನಿನ ಕಣ್ಣು ಬೆಳ್ಳಗಾಗಿರುತ್ತದೆ. ಇನ್ನೂರ ಹನ್ನೆರಡು ಒಪ್ಪಂದಗಳು ನನಗೆ ಬಾಯಿಪಾಠ. ಊರವರು ನನ್ನನ್ನು ದೊಡ್ಡ ಕಾನೂನು ಬಲ್ಲವಳೆಂದು ತಿಳಿದಿದ್ದಾರೆ. ಆದರೆ ನನ್ನ ಒಡಹುಟ್ಟಿದ ತಮ್ಮನನ್ನು ಮೂರು ಮೈಲಿ ದೂರದಿಂದ ಮನೆಗೆ ಕರೆತರುವುದು ನನ್ನಿಂದ ಆಗಿಲ್ಲ.

ತಮ್ಮ ಸದಾನಂದ ಸರಕಿನ ಹಡಗೊಂದರಲ್ಲಿ ಎಂಜಿನ್ ನೋಡಿಕೊಳ್ಳುವವನು. ನಾಲ್ಕು ವರ್ಷದ ಹಿಂದೆ ಆ ಹಡಗು ಇಲ್ಲಿಂದ ಒಣಮೀನಿನ ನಾನೂರು ಮೂಟೆ ಹೊತ್ತು ಹೋಯಿತು. ಕೊಳ್ಳುವವರು ಮೀನು ಒದ್ದೆಯಾಗಿದೆ ಎಂದರು, ನಮ್ಮವರು ಇಲ್ಲ ಎಂದರು. ಹಡಗು ತಿರುಗಿ ಬಂತು, ಬಂದರಿನ ಹೊರಗೆ ಲಂಗರು ಹಾಕಿತು, ಅದರ ಸುತ್ತ ತಡೆಗೆರೆ ಬಿತ್ತು. ತಡೆಗೆರೆ ಎಂದರೆ ಕಣ್ಣಿಗೆ ಕಾಣದ ಬೇಲಿ. ತಕರಾರು ತೀರುವವರೆಗೆ ಅದರೊಳಗಿನದೆಲ್ಲ ಸಾಕ್ಷ್ಯ, ಏನೂ ಕದಲುವಂತಿಲ್ಲ. ಸಾಕ್ಷ್ಯಗಳ ಪಟ್ಟಿಯಲ್ಲಿ ನಾನೂರು ಮೂಟೆಗಳ ಕೆಳಗೆ ಹನ್ನೊಂದು ಜನರ ಹೆಸರಿದೆ. ನನ್ನ ತಮ್ಮನದು ನಾನೂರ ಆರನೆಯದು. ಮೂಟೆಗಳು ಈಗ ಹುಡಿಯಾಗಿವೆ, ಜನರು ಇನ್ನೂ ಹಾಗೆಯೇ ಇದ್ದಾರೆ.

ಈ ತಕರಾರನ್ನು ತೀರಿಸುವವರು ಯಾರು? ಅದು ನಿಮಗೆ ಗೊತ್ತಿರಬೇಕು, ಉಡುಪರೇ, ಬರೆದವರು ನೀವೇ. ನಮ್ಮ ಒಣಮೀನಿನ ವ್ಯಾಪಾರ ಇಂದಿಗೂ ನೀವು ಬರೆದ ಕರಾರಿನ ಮೇಲೆಯೇ ನಡೆಯುತ್ತಿದೆ. ವರ್ಷ ವರ್ಷವೂ ಅದು ತಾನೇ ನವೀಕರಣವಾಗುತ್ತದೆ, ನಾವು ಅದನ್ನು ಬಾಳುಕರಾರು ಎನ್ನುತ್ತೇವೆ. ಅದರ ಮೂವತ್ತೊಂದನೇ ಕಲಮಿನ ಪ್ರಕಾರ ಯಾವ ತಕರಾರನ್ನಾದರೂ ಲಿಮೋರಾ ದ್ವೀಪದೇಶದ ನ್ಯಾಯಾಲಯವೇ, ಆ ದೇಶದ ನೆಲದ ಮೇಲೆ ಕುಳಿತೇ ತೀರ್ಮಾನಿಸತಕ್ಕದ್ದು. ಸ್ವಾಮಿ, ಲಿಮೋರಾ ಮುಳುಗಿ ಅರವತ್ತು ವರ್ಷವಾಯಿತು. ಅದು ಈಗ ಮುಳುಗುನಾಡು: ಧ್ವಜವಿದೆ, ಸಭೆಗಳಲ್ಲಿ ಕುರ್ಚಿಯಿದೆ, ನೆಲ ಮಾತ್ರ ಇಪ್ಪತ್ತು ಮಾರು ನೀರಿನ ಕೆಳಗಿದೆ.

ಮೂಲ ಕರಾರನ್ನು ನಾನು ನೋಡಿದ್ದೇನೆ. ಮೊದಲ ಮೂವತ್ತು ಪುಟಗಳಲ್ಲೂ ಒಣಮೀನು, ಒಣಮೀನು ಎಂದಿದೆ. ಈ ಕಲಮಿರುವ ಕೊನೆಯ ಪುಟದಲ್ಲಿ ಮಾತ್ರ ‘ಸದರಿ ಲವಂಗವನ್ನು’ ಎಂದಿದೆ. ಅದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಯಾರೋ ಲವಂಗದ ವ್ಯಾಪಾರಿಗೆ ಬರೆದಿದ್ದ ಪುಟವನ್ನು ತಂದು ಇಲ್ಲಿ ಅಂಟಿಸಿದ್ದೀರಿ. ಊಟದ ಹೊತ್ತಾಗಿತ್ತೇ? ಕಕ್ಷಿದಾರರು ಅವಸರ ಮಾಡುತ್ತಿದ್ದರೇ? ಕೊನೆಯ ಪುಟವನ್ನು ಯಾರು ಓದುತ್ತಾರೆ ಎಂದುಕೊಂಡಿರಬೇಕು. ನಾನು ಓದಿದೆ.

ಸುಮ್ಮನೆ ಕೂತಿಲ್ಲ ನಾವು. ಲಿಮೋರಾದ ಕೊನೆಯ ನ್ಯಾಯಾಧೀಶೆ ಮರೇತಾ ಎಂಬ ಮುದುಕಿ ಬೇರೊಂದು ದೇಶದ ಆಶ್ರಯದಲ್ಲಿ ಬದುಕಿದ್ದರು. ಊರು ಬಿಡುವಾಗ ಒಂದು ಭರಣಿ ಮಣ್ಣು ತಂದಿದ್ದರಂತೆ. ನನ್ನ ಕಾಗದ ಓದಿ, ಆ ಮಣ್ಣನ್ನು ತಟ್ಟೆಗೆ ಸುರಿದು ಅದರ ಮೇಲೆ ಬರಿಗಾಲಲ್ಲಿ ನಿಂತು ತೀರ್ಪು ಹೇಳುತ್ತೇನೆಂದು ಒಪ್ಪಿದರು. ತೀರ್ಪಿನ ದಿನ ಇಲ್ಲಿ ಮನೆಯಲ್ಲಿ ತಮ್ಮನ ಹೆಂಡತಿ ಪಾಯಸಕ್ಕೆ ಕಾಯಿ ತುರಿದಿಟ್ಟಿದ್ದಳು. ಎದುರು ಕಕ್ಷಿಯ ವಕೀಲರು ಒಂದೇ ಒಂದು ಚೀಟಿ ತೋರಿಸಿದರು. ಮರೇತಾ ಆ ದೇಶಕ್ಕೆ ಬಂದಿಳಿದಾಗ ಸುಂಕದವರು ಭರಣಿಗೆ ಆ ಚೀಟಿ ಅಂಟಿಸಿ ಮೊಹರು ಒತ್ತಿದ್ದರು: ಆಮದು ಮಣ್ಣು, ಹೂಗಿಡಕ್ಕೆ. ಆಮದಾದ ಸರಕು ಆಮದು ಮಾಡಿಕೊಂಡ ದೇಶದ್ದು, ಅದು ಲಿಮೋರಾದ ನೆಲವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮುದುಕಿ ತಟ್ಟೆಯಿಂದ ಕೆಳಗಿಳಿದು, ಕಾಲಿಗಂಟಿದ ಮಣ್ಣನ್ನು ಕೈಯಿಂದ ಒರೆಸಿ ಒರೆಸಿ ಮತ್ತೆ ಭರಣಿಗೆ ತುಂಬಿದರು. ಕಳೆದ ವರ್ಷ ತೀರಿಕೊಂಡರು.

ವಾರಕ್ಕೊಮ್ಮೆ ತಮ್ಮನೊಂದಿಗೆ ಮಾತಾಡಲು ಬಿಡುತ್ತಾರೆ. ಮೊದಮೊದಲು ಕಾನೂನು ಕೇಳುತ್ತಿದ್ದ, ಈಗ ಕೇಳುವುದಿಲ್ಲ. "ಅಕ್ಕಾ, ಮನಿ ಮಾಡು ಇಲ್ಲಿಂದ ಕಾಣತ್ತ್. ಬಪ್ಕ್ ಆತಿಲ್ಲೆ" ಎನ್ನುತ್ತಾನೆ, ಅಷ್ಟೆ. ಮನೆಯ ಸೂರು ಕಣ್ಣಿಗೆ ಕಾಣುತ್ತದೆ, ಬರಲು ಮಾತ್ರ ಆಗುವುದಿಲ್ಲ ಅವನಿಗೆ. ಅವನು ಹೋದ ಮೇಲೆ ಹುಟ್ಟಿದ ಮಗಳು ತಾರಿಣಿಗೆ ಅಪ್ಪನೆಂದರೆ ಬೆಳಿಗ್ಗೆ ಹಡಗಿನ ಕಟಕಟೆಯಲ್ಲಿ ಅವನು ಬೀಸುವ ಹಳದಿ ಬಟ್ಟೆ. ಮಂಜು ಕವಿದ ದಿನ ಓಡಿಬಂದು "ಅತ್ತೆ, ಇವತ್ತ್ ಅಪ್ಪಯ್ಯ ಕಾಂತಿಲ್ಲೆ" ಎಂದು ದೂರು ಹೇಳುತ್ತಾಳೆ. ಇನ್ನೂರ ಹನ್ನೆರಡು ಒಪ್ಪಂದಗಳಲ್ಲಿ ಆ ದೂರಿಗೊಂದು ಕಲಮಿಲ್ಲ.

ನಾನು ಕೇಳುವುದು ಇಷ್ಟೇ. ಆ ಕೊನೆಯ ಪುಟವನ್ನು ಅಂಟಿಸುವ ಮುನ್ನ ಒಮ್ಮೆ ಓದಿ. ಲಿಮೋರಾ ಎಂದಿರುವಲ್ಲಿ ಗೀಟು ಹಾಕಿ, ಕುಂದಾಪುರ ಎಂದು ಬರೆಯಿರಿ. ಎದುರಿನವರು ಒಪ್ಪುವರೋ ಇಲ್ಲವೋ ಎಂಬ ಚಿಂತೆ ಬೇಡ. ಅವರ ಪ್ರತಿಯನ್ನೂ ನೋಡಿದ್ದೇನೆ, ಅದರಲ್ಲೂ ಲವಂಗ ಹಾಗೆಯೇ ಇದೆ. ಅವರೂ ಓದಿಲ್ಲ.

ಈ ಕಾಗದ ನಿಮ್ಮ ಕೈ ಸೇರಿದರೆ ನೀವು ಉತ್ತರ ಬರೆಯಬೇಕಾಗಿಲ್ಲ, ನನಗೆ ತಾನಾಗಿ ತಿಳಿಯುತ್ತದೆ. ನೀವು ಗೀಟು ಹಾಕಿದ ಕ್ಷಣ ನಮ್ಮ ಕಡಲಲ್ಲಿ ಆ ಹಡಗು ಇರುವುದಿಲ್ಲ. ಸದಾನಂದ ಜಗಲಿಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ಉಣ್ಣುತ್ತಿರುತ್ತಾನೆ, ಇಂಥದೊಂದು ಕಾಗದ ಬರೆದದ್ದೂ ನನಗೆ ನೆನಪಿರುವುದಿಲ್ಲ. ಅದಕ್ಕೇ ಪ್ರತಿದಿನ ಬರೆದು ಹಾಕುತ್ತೇನೆ. ಇದು ಆರುನೂರನೆಯದೋ ಏನೋ. ಬೆಳಿಗ್ಗೆ ಎದ್ದವಳೇ ಮುಖ ಕೂಡ ತೊಳೆಯದೆ ದಡಕ್ಕೆ ಹೋಗಿ ನೋಡುತ್ತೇನೆ.

ಇವತ್ತೂ ನೋಡಿದೆ. ಹಡಗು ಅಲ್ಲೇ ಇದೆ, ಬಟ್ಟೆ ಬೀಸುತ್ತಿದ್ದಾನೆ. ನಿಮಗಿನ್ನೂ ಓದಲು ಪುರುಸೊತ್ತಾಗಿಲ್ಲ.

ಇಂತು,
ಜಲಜಾಕ್ಷಿ ಖಾರ್ವಿ